ಜಪಾನಿನ ಹಳೆಯ ಎನಾಮಲ್, ಕಂಚು, ಕೊಮಾಯಿ, ತ್ಸುಬಾ: ಬೆಲೆ ಕಟ್ಟುವುದು ಹೇಗೆ, ಆರಿಸುವುದು ಯಾವುದನ್ನು?

ಜಪಾನಿನ ಹಳೆಯ ಅಲಂಕಾರಿಕ ಲೋಹದ ವಸ್ತುಗಳ ಬಗ್ಗೆ ಕೇಳುವವರಲ್ಲಿ ಎರಡು ಬಗೆಯವರಿದ್ದಾರೆ. ಕೆಲವರ ಮನೆಯಲ್ಲಿ ವಸ್ತು ಈಗಾಗಲೇ ಇದೆ, ಅದರ ಬೆಲೆ ತಿಳಿಯಬೇಕಾಗಿದೆ. ಉಳಿದವರು ಒಂದಿಷ್ಟು ಹಣ ಎತ್ತಿಟ್ಟುಕೊಂಡಿದ್ದಾರೆ. ಹರಾಜಿನ ಪಟ್ಟಿಯಲ್ಲಿ ಲೋಹದ ಮೇಲೆ ಬಣ್ಣದ ಗಾಜು ಕರಗಿಸಿ ಮಾಡಿದ ಎನಾಮಲ್ ಹೂದಾನಿ, ಕಂಚಿನ ಹದ್ದು, ಕೊಮಾಯಿ ಎಂದು ಕರೆಯುವ ಚಿನ್ನದ ಕುಸುರಿಯ ಕಬ್ಬಿಣದ ಪೆಟ್ಟಿಗೆ, ಕತ್ತಿಯ ಹಿಡಿಗೂ ಅಲಗಿಗೂ ನಡುವೆ ಕೂರುವ ತ್ಸುಬಾ ಎಂಬ ಬಿಲ್ಲೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಬೆಲೆಗೆ ಪಕ್ಕಪಕ್ಕದಲ್ಲಿರುವುದನ್ನು ಕಂಡು, ಯಾವುದಕ್ಕೆ ಕೈ ಹಾಕಬೇಕೆಂದು ತೋಚದೆ ನಿಂತಿದ್ದಾರೆ. ಇಬ್ಬರಿಗೂ ಬೇಕಾದ ತಿಳಿವಳಿಕೆ ಒಂದೇ ಆದ್ದರಿಂದ ಒಟ್ಟಿಗೇ ಬರೆಯುತ್ತಿದ್ದೇನೆ.

ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ದೊಡ್ಡ ಹೆಸರಿನ ಬೆನ್ನು ಹತ್ತುವ ಮೊದಲು, ಯಾವ ವಸ್ತುವಿನ ದೋಷವನ್ನು ನಿಮ್ಮ ಕಣ್ಣು ಮತ್ತು ಬೆರಳು ತಾವೇ ಕಂಡುಹಿಡಿಯಬಲ್ಲವೋ ಅದನ್ನು ಆರಿಸಿಕೊಳ್ಳಿ. ಈ ನಾಲ್ಕರಲ್ಲಿ ಎನಾಮಲ್ ತನ್ನ ಗಾಯವನ್ನು ಮುಚ್ಚಿಡಲಾರದು. ತ್ಸುಬಾ ಬಹಳ ಮುಚ್ಚಿಡುತ್ತದೆ. ಉಳಿದೆರಡು ಇವುಗಳ ನಡುವೆ ಬರುತ್ತವೆ.

ಇವೆಲ್ಲ ಒಂದೇ ಮಾರುಕಟ್ಟೆಗೆ ಬಂದು ಬಿದ್ದದ್ದಕ್ಕೆ ಕಾರಣವಿದೆ. 1868ರಿಂದ 1912ರವರೆಗಿನ ಮೇಯ್ಜಿ ಕಾಲದಲ್ಲಿ ಜಪಾನ್ ಸರ್ಕಾರಕ್ಕೆ ವಿದೇಶಿ ಹಣ ಬೇಕಾಗಿತ್ತು. 1873ರ ವಿಯೆನ್ನಾ, 1876ರ ಫಿಲಡೆಲ್ಫಿಯಾ, 1893ರ ಶಿಕಾಗೊ, 1900ರ ಪ್ಯಾರಿಸ್ ಮಹಾಪ್ರದರ್ಶನಗಳಿಗೆ ಅದು ತನ್ನ ಕುಶಲಕರ್ಮಿಗಳ ಕೆಲಸವನ್ನು ಕಳಿಸಿತು. 1876ರಲ್ಲಿ ಸಮುರಾಯಿಗಳು ಸಾರ್ವಜನಿಕವಾಗಿ ಕತ್ತಿ ಧರಿಸುವುದಕ್ಕೆ ನಿಷೇಧ ಬಂತು. ತಲೆಮಾರುಗಳಿಂದ ಕತ್ತಿಯ ಸಾಮಗ್ರಿ ಮಾಡುತ್ತಿದ್ದ ಲೋಹಶಿಲ್ಪಿಗಳು ಹೂದಾನಿ, ಪೆಟ್ಟಿಗೆ, ಧೂಪಪಾತ್ರೆಗಳ ಕಡೆ ತಿರುಗಿದರು. ಹಾಗಾಗಿ ಆ ಕಾಲದ ಉತ್ತಮ ಕೆಲಸದ ಬಹುಭಾಗ ಹುಟ್ಟಿದ್ದೇ ಹೊರದೇಶದ ಗಿರಾಕಿಗಾಗಿ. ಪ್ರದರ್ಶನಕ್ಕೆ ಶ್ರೇಷ್ಠ ವಸ್ತು ಮಾಡಿದ ಕಾರ್ಯಾಗಾರಗಳು ಅಂಗಡಿಗೆ ರಾಶಿರಾಶಿಯಾಗಿ ಸಾಧಾರಣ ಮಾಲನ್ನೂ ಮಾಡಿದವು. ಕಾಲವೊಂದೇ ಬೆಲೆಯನ್ನು ನಿರ್ಧರಿಸುವುದಿಲ್ಲ ಎನ್ನುವುದಕ್ಕೆ ಇದೇ ಮೂಲ.

ಯಾವ ಅಳತೆಗೋಲು?

ನಾನು ಮೊದಲು ನೋಡುವುದು ವಸ್ತುವಿನ ಸ್ಥಿತಿಯನ್ನು, ಅದರ ಜೊತೆಗೇ ಕೆಟ್ಟರೆ ಸರಿಪಡಿಸಲು ಸಾಧ್ಯವೇ ಎಂಬುದನ್ನು. ಆಮೇಲೆ ಕೈಕೆಲಸದ ಗುಣ: ಗೆರೆ ಎಷ್ಟು ಸಣ್ಣದು, ಖಾಲಿ ಬಿಟ್ಟ ಜಾಗ ಎಷ್ಟು ಸ್ವಚ್ಛ, ಹಿಂಭಾಗಕ್ಕೂ ಮುಂಭಾಗದಷ್ಟೇ ಗಮನ ಕೊಟ್ಟಿದ್ದಾರೆಯೇ. ಮೂರನೆಯದು ಮಾಡಿದವರು ಯಾರೆಂಬುದಕ್ಕೆ ಆಧಾರ: ಸಹಿ, ಮುದ್ರೆ, ಕರ್ತೃವೇ ತನ್ನ ಹೆಸರು ಬರೆದು ಕೊಟ್ಟ ಮರದ ಪೆಟ್ಟಿಗೆ. ನಾಲ್ಕನೆಯದು ನಕಲಿನ ಅಪಾಯ. ಕೊನೆಯದಾಗಿ ನಮ್ಮ ಹವೆಯಲ್ಲಿ ಅದನ್ನು ಕಾಪಾಡುವ ಶ್ರಮ. ಮಂಗಳೂರಿನ ಮಳೆಗಾಲಕ್ಕೆ ಕಬ್ಬಿಣದ ಪೆಟ್ಟಿಗೆಯನ್ನು ಒಡ್ಡುವುದಕ್ಕೂ ಕಲಬುರಗಿಯ ಒಣ ಹವೆಯಲ್ಲಿ ಇಡುವುದಕ್ಕೂ ಬಹಳ ಅಂತರವಿದೆ.

ಬೆಲೆ ಕಟ್ಟಿಸುವವರು ಇನ್ನೊಂದನ್ನು ನೆನಪಿಡಬೇಕು. ಒಂದೇ ವಸ್ತುವಿಗೆ ಮೂರು ಬೆಲೆಗಳಿರುತ್ತವೆ. ವಿಮೆಯ ಬೆಲೆ ಅಂಥದ್ದನ್ನೇ ಅಂಗಡಿಯಿಂದ ಮತ್ತೆ ಕೊಳ್ಳಲು ತಗಲುವ ಮೊತ್ತ, ಆದ್ದರಿಂದ ಅದೇ ಹೆಚ್ಚು. ಹರಾಜಿನಲ್ಲಿ ಕೂಗು ನಿಲ್ಲುವ ಬೆಲೆ ಅದಕ್ಕಿಂತ ಕಡಿಮೆ. ವ್ಯಾಪಾರಿ ನಿಮಗೆ ಕೊಡುವ ನಗದು ಇನ್ನೂ ಕಡಿಮೆ. ದೊಡ್ಡ ಹರಾಜು ಸಂಸ್ಥೆಗಳು ಕೊಳ್ಳುವವರಿಂದ ಕೂಗಿನ ಬೆಲೆಯ ಮೇಲೆ ಸುಮಾರು ಕಾಲುಭಾಗದಷ್ಟು ಶುಲ್ಕ ಸೇರಿಸಿ ಪಡೆಯುತ್ತವೆ, ಮಾರುವವರಿಂದಲೂ ಕಮಿಷನ್ ಕಳೆಯುತ್ತವೆ. ನಿಮಗೆ ಯಾವ ಬೆಲೆ ಬೇಕೆಂದು ಮೊದಲೇ ಹೇಳದಿದ್ದರೆ ಬಂದ ಅಂಕಿಯಿಂದ ಉಪಯೋಗವಿಲ್ಲ.

ಎನಾಮಲ್: ಕಣ್ಣಿಗೆ ಸುಳ್ಳು ಹೇಳದ ವಸ್ತು

ಜಪಾನಿನಲ್ಲಿ ಶಿಪ್ಪೋ ಎಂದು ಕರೆಯುವ ಈ ಕಲೆ ಹಳೆಯದೇ ಆದರೂ, ನಮ್ಮ ಕೈಗೆ ಸಿಗುವ ಹೂದಾನಿಗಳ ಕಥೆ ಆರಂಭವಾಗುವುದು 1830ರ ದಶಕದಲ್ಲಿ, ನಗೋಯಾ ಸುತ್ತಿನ ಒವಾರಿ ಪ್ರಾಂತದಲ್ಲಿ. ಕಾಜಿ ತ್ಸುನೆಕಿಚಿ ಎಂಬ ಸಮುರಾಯಿ ಮನೆತನದವನು ಹೊರನಾಡಿನಿಂದ ಬಂದ ಎನಾಮಲ್ ವಸ್ತುವೊಂದನ್ನು ಬಿಚ್ಚಿ ನೋಡಿ ಈ ವಿದ್ಯೆ ಕಲಿತನೆಂದು ಹೇಳುತ್ತಾರೆ. ತಾಮ್ರದ ಪಾತ್ರೆಯ ಮೇಲೆ ತೆಳುವಾದ ಲೋಹದ ಪಟ್ಟಿಗಳನ್ನು, ಅಂದರೆ ತಂತಿಗಳನ್ನು, ನಿಲ್ಲಿಸಿ ಚಿತ್ರದ ಗೆರೆ ಎಳೆಯುತ್ತಾರೆ. ನಡುವಿನ ಗೂಡುಗಳಲ್ಲಿ ಗಾಜಿನ ಪುಡಿ ತುಂಬಿ ಸುಡುತ್ತಾರೆ. ಪುಡಿ ಕರಗಿ ತಗ್ಗುತ್ತದೆ. ಮತ್ತೆ ತುಂಬುತ್ತಾರೆ, ಮತ್ತೆ ಸುಡುತ್ತಾರೆ. ಕೊನೆಗೆ ಕಲ್ಲಿನಿಂದ ಉಜ್ಜಿ ಕನ್ನಡಿಯಂತೆ ಮಾಡುತ್ತಾರೆ.

ಮೊದಮೊದಲಿನ ಎನಾಮಲ್ ಮಬ್ಬು ಬಣ್ಣದ್ದು. ಅಗಲವಾದ ಜಾಗದಲ್ಲಿ ಅದು ನಿಲ್ಲುತ್ತಿರಲಿಲ್ಲ, ಬಿರಿಯುತ್ತಿತ್ತು. ಅದಕ್ಕಾಗಿ ಹಿನ್ನೆಲೆಯ ತುಂಬ ಸುರುಳಿ ತಂತಿಗಳನ್ನು ತುರುಕುತ್ತಿದ್ದರು. 1870ರ ದಶಕದಲ್ಲಿ ಜರ್ಮನಿಯ ರಸಾಯನಶಾಸ್ತ್ರಜ್ಞ ಗೊಟ್‌ಫ್ರೀಡ್ ವಾಗೆನರ್ ಜಪಾನಿನಲ್ಲಿದ್ದುಕೊಂಡು ಎನಾಮಲ್ ಮಿಶ್ರಣಗಳನ್ನು ಸುಧಾರಿಸಲು ನೆರವಾದ. ಅಲ್ಲಿಂದ ಮುಂದೆ ಹಿನ್ನೆಲೆ ಖಾಲಿಯಾಗತೊಡಗಿತು, ಹೊಳಪು ಬಂತು, ಹಿತ್ತಾಳೆಯ ತಂತಿಯ ಜಾಗಕ್ಕೆ ಬೆಳ್ಳಿಯ ಸಣ್ಣ ತಂತಿ ಬಂತು. ಇದರಿಂದ ಬೆಲೆ ಕಟ್ಟುವವರಿಗೆ ಒಂದು ಮುಖ್ಯ ಪಾಠ ಸಿಗುತ್ತದೆ: ಹಿನ್ನೆಲೆಯ ತುಂಬ ತಂತಿಯಿರುವ, ಮಂಕು ಹಸಿರಿನ ಹೂದಾನಿ ಹಳೆಯದು, ಆದರೆ ಅದು ಅಗ್ಗ. ಮೂವತ್ತು ವರ್ಷ ಕಿರಿಯದಾದ, ಕಪ್ಪು ಹಿನ್ನೆಲೆಯಲ್ಲಿ ಒಂದೇ ಕೊಂಬೆ ಹೂವಿರುವ ಹೂದಾನಿ ಅದರ ಹಲವು ಪಟ್ಟು ಬೆಲೆಗೆ ಹೋಗುತ್ತದೆ. ಖಾಲಿ ಜಾಗವನ್ನು ದೋಷವಿಲ್ಲದೆ ಸುಡುವುದೇ ಈ ಕಲೆಯ ಅತಿ ಕಷ್ಟದ ಭಾಗ.

ದೊಡ್ಡ ಹೆಸರುಗಳಲ್ಲಿ ಇಬ್ಬರು ನಮಿಕಾವಾಗಳಿದ್ದಾರೆ, ಇಬ್ಬರೂ ಬಂಧುಗಳಲ್ಲ. ಕ್ಯೋತೊದ ನಮಿಕಾವಾ ಯಾಸುಯುಕಿ (1845–1927) ತಂತಿಯ ಕೆಲಸದಲ್ಲಿ ಸರಿಸಾಟಿಯಿಲ್ಲದವನು. ಅವನ ಕಪ್ಪು ಹಿನ್ನೆಲೆಯ ಆಳವನ್ನು ಬೇರೆ ಯಾರೂ ಮುಟ್ಟಲಿಲ್ಲವೆಂದೇ ನನ್ನ ಅಭಿಪ್ರಾಯ. ತೋಕ್ಯೋದ ನಮಿಕಾವಾ ಸೋಸುಕೆ (1847–1910) ತಂತಿಗಳನ್ನು ಕೊನೆಯ ಸುಡುವಿಕೆಗೆ ಮೊದಲೇ ತೆಗೆದು, ಶಾಯಿಯಲ್ಲಿ ಬರೆದ ಚಿತ್ರದಂತೆ ಬಣ್ಣಗಳು ಒಂದರೊಳಗೊಂದು ಕರಗುವ ಹಾಗೆ ಮಾಡಿದ. 1896ರಲ್ಲಿ ಇಬ್ಬರಿಗೂ ಸಾಮ್ರಾಟನ ಮನೆತನದ ಕಲಾವಿದರೆಂಬ ಗೌರವ ಸಿಕ್ಕಿತು. ಇವರ ಕೈಯ ಗೇಣುದ್ದದ ಹೂದಾನಿಗೂ ಹಲವು ಲಕ್ಷ ರೂಪಾಯಿ ಬೀಳುತ್ತದೆ. ಅವರ ಕೆಳಗಿನ ಮೆಟ್ಟಿಲಲ್ಲಿ ನಗೋಯಾದ ಹಾಯಾಶಿ ಕೊದೆಂಜಿ, 1880ರಲ್ಲಿ ಶುರುವಾದ ಆಂದೋ ಸಂಸ್ಥೆ, ಅಲ್ಲಿ ಹೂವಿನ ದಳಗಳನ್ನು ಉಬ್ಬಿಸುವ ಮೊರಿಆಗೆ ವಿಧಾನವನ್ನು ಬೆಳೆಸಿದ ಕಾವಾದೆ ಶಿಬಾತಾರೋ ಬರುತ್ತಾರೆ. ಸಾಧಾರಣ ಬಜೆಟ್ಟಿನವರು ನಿಜವಾಗಿ ನೋಡಬೇಕಾದದ್ದು ಇದಕ್ಕೂ ಕೆಳಗಿನ ಮೆಟ್ಟಿಲು: ಸಹಿಯಿಲ್ಲದ, ಆದರೆ ಬೆಳ್ಳಿ ತಂತಿಯ, ಬೆಳ್ಳಿ ಅಂಚಿನ ನಗೋಯಾ ಹೂದಾನಿಗಳು. ಕೆಲವು ಸಾವಿರದಿಂದ ಹತ್ತಾರು ಸಾವಿರ ರೂಪಾಯಿಯೊಳಗೆ ಇವು ಸಿಗುತ್ತವೆ. ಬೆಳ್ಳಿಯ ಹಾಳೆಯ ಮೇಲೆ ಪಾರದರ್ಶಕ ಎನಾಮಲ್ ಹಾಕಿದ ಗಿನ್‌ಬಾರಿ, ಅದರಲ್ಲೂ ಪಾರಿವಾಳದ ರಕ್ತದ ಕೆಂಪಿನ ಅಕಾಸುಕೆ, ಬಹಳ ಆಕರ್ಷಕ. ಅವು ಹೆಚ್ಚು ಸಂಖ್ಯೆಯಲ್ಲಿ ತಯಾರಾದವು, ಹಾಗಾಗಿ ಬೆಲೆ ಹಿಡಿತದಲ್ಲಿದೆ.

ಪರೀಕ್ಷೆಗೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿ ಮತ್ತು ಒಂದು ಟಾರ್ಚ್ ಸಾಕು. ಬೆಳಕನ್ನು ಓರೆಯಾಗಿ ಬಿಟ್ಟು ಹೂದಾನಿಯನ್ನು ನಿಧಾನವಾಗಿ ತಿರುಗಿಸಿ. ಕೂದಲೆಳೆಯಂಥ ಬಿರುಕು ಗೆರೆಯಾಗಿ ಮಿಂಚುತ್ತದೆ. ಒಂದು ಬಿಂದುವಿನಿಂದ ನಕ್ಷತ್ರದಂತೆ ಬಿರುಕುಗಳು ಹರಡಿದ್ದರೆ ಅಲ್ಲಿ ಪೆಟ್ಟು ಬಿದ್ದಿದೆ. ತಾಮ್ರ ನೆಗ್ಗಿರುವುದು ಬೆರಳಿಗೆ ಸಿಗುತ್ತದೆ. ಹೊಳಪು ಒಂದು ಕಡೆ ಮಾತ್ರ ಮೇಣದಂತೆ ಮಂಕಾಗಿದ್ದರೆ ಅದು ರಾಳ ತುಂಬಿದ ದುರಸ್ತಿ. ಅತಿನೇರಳೆ ಟಾರ್ಚಿನಡಿಯಲ್ಲಿ ಇಂಥ ಕೆಲವು ರಾಳಗಳು ಬೇರೆಯಾಗಿ ಹೊಳೆಯುತ್ತವೆ. ತಳದ ನಡುವೆ ತೂತಿದ್ದರೆ ಯಾರೋ ಅದನ್ನು ವಿದ್ಯುದ್ದೀಪದ ಕಂಬ ಮಾಡಿಕೊಂಡಿದ್ದರು. ಇಲ್ಲಿ ಯಾವ ದಾಕ್ಷಿಣ್ಯವೂ ಬೇಡ: ಒಡೆದ ಜಾಗವನ್ನು ಮೊದಲಿನಂತೆ ಮಾಡಲು ಮತ್ತೆ ಕುಲುಮೆಗೆ ಹಾಕಬೇಕು, ಹಾಕಿದರೆ ಉಳಿದ ಎನಾಮಲ್ ಉಳಿಯುವ ಭರವಸೆಯಿಲ್ಲ. ಆದ್ದರಿಂದ ದುರಸ್ತಿ ಎಂದರೆ ರಾಳವೇ. ಕಣ್ಣಿಗೆ ಬೀಳುವ ಒಂದು ಒಡಕು ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುವುದು ಸಾಮಾನ್ಯ.

ಚೀನಾದ ಎನಾಮಲ್ಲಿನೊಡನೆ ಗೊಂದಲವಾಗುವುದುಂಟು. ಚೀನಾದ್ದು ಹೆಚ್ಚಾಗಿ ಚಿನ್ನದ ಲೇಪದ ದಪ್ಪ ತಂತಿ, ಆಕಾಶನೀಲಿ ಹಿನ್ನೆಲೆ, ಇಡೀ ಮೈತುಂಬ ಒಂದೇ ಬಗೆಯ ಬಳ್ಳಿ ಅಥವಾ ಮೋಡದ ವಿನ್ಯಾಸ. ಜಪಾನಿನ ಉತ್ತಮ ಕೆಲಸದಲ್ಲಿ ಚಿತ್ರ ಒಂದು ಬದಿಗೆ ಸರಿದಿರುತ್ತದೆ, ತಂತಿ ಒಂದೇ ಗೆರೆಯಲ್ಲಿ ದಪ್ಪ-ಸಣ್ಣ ಆಗುತ್ತದೆ, ಪಾತ್ರೆ ಹಗುರ.

ಕೊಮಾಯಿ: ಚಿನ್ನವಿರುವುದು ಮೇಲ್ಮೈಯಲ್ಲಿ

ಬಿದ್ರಿ ಕೆಲಸವನ್ನು ಹತ್ತಿರದಿಂದ ಕಂಡ ಕನ್ನಡಿಗರಿಗೆ ಕ್ಯೋತೊದ ಕಬ್ಬಿಣದ ಕುಸುರಿ ತಕ್ಷಣ ಹಿಡಿಸುತ್ತದೆ. ಕಪ್ಪು ನೆಲದ ಮೇಲೆ ಹೊಳೆಯುವ ಲೋಹವೆಂಬ ನೋಟ ಎರಡಕ್ಕೂ ಸಮಾನ. ಒಳಗಿನ ರಚನೆ ಮಾತ್ರ ಬೇರೆ, ಬೆಲೆ ಕಟ್ಟುವಾಗ ಆ ವ್ಯತ್ಯಾಸವೇ ಮುಖ್ಯ. ಬೀದರಿನಲ್ಲಿ ಸತು-ತಾಮ್ರದ ಮಿಶ್ರಲೋಹದ ಮೇಲೆ ಉಳಿಯಿಂದ ಕಾಲುವೆ ತೋಡಿ ಬೆಳ್ಳಿಯನ್ನು ಬಡಿದು ಕೂರಿಸುತ್ತಾರೆ. ಬೆಳ್ಳಿ ಒಳಗೆ ಕೂತಿರುತ್ತದೆ. ಜಪಾನಿನ ನುನೊಮೆ ಜೋಗನ್ ವಿಧಾನದಲ್ಲಿ ಕಬ್ಬಿಣದ ಮೇಲೆ ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮ ಗೀರುಗಳನ್ನು ಅಡ್ಡ-ಉದ್ದ ಎಳೆದು, ಆ ಹಲ್ಲುಗಳ ಮೇಲೆ ಚಿನ್ನದ ತೆಳು ಹಾಳೆ ಅಥವಾ ಎಳೆಯನ್ನು ಬಡಿಯುತ್ತಾರೆ. ಚಿನ್ನ ಮೇಲ್ಮೈಯಲ್ಲೇ ನಿಂತಿರುತ್ತದೆ. ಹಾಗಾಗಿ ಉಜ್ಜಿದರೆ ಸವೆಯುತ್ತದೆ. ಕೆಳಗೆ ಕಬ್ಬಿಣ ತುಕ್ಕು ಹಿಡಿದರೆ ಚಿನ್ನ ಎದ್ದು ಉದುರುತ್ತದೆ.

ಈ ಕೆಲಸವನ್ನು ಪ್ರಪಂಚಕ್ಕೆ ಪರಿಚಯಿಸಿದವನು ಕ್ಯೋತೊದ ಕೊಮಾಯಿ ಓತೊಜಿರೋ (1842–1917). ಕತ್ತಿಯ ಸಾಮಗ್ರಿಯ ಕೆಲಸದಲ್ಲಿ ಪಳಗಿದ್ದ ಅವನ ಕಾರ್ಯಾಗಾರ ಹೂದಾನಿ, ಪೆಟ್ಟಿಗೆ, ತಟ್ಟೆ, ಪುಟ್ಟ ಬೀರುಗಳನ್ನು ಮಾಡಿತು. ತಳದಲ್ಲಿ ‘ಜಪಾನ್ ದೇಶದ ಕ್ಯೋತೊ ನಿವಾಸಿ ಕೊಮಾಯಿ ಮಾಡಿದ್ದು’ ಎಂಬರ್ಥದ ಸಹಿ ಇರುತ್ತದೆ. ಇದೇ ಶೈಲಿಯಲ್ಲಿ ಇಪ್ಪತ್ತನೆಯ ಶತಮಾನದಲ್ಲಿ ಪ್ರವಾಸಿಗರಿಗಾಗಿ ಮಾಡಿದ ಸಿಗರೇಟ್ ಪೆಟ್ಟಿಗೆ, ಪೌಡರ್ ಡಬ್ಬಿಗಳು ಅಸಂಖ್ಯ. ಭೂತಗನ್ನಡಿಯಡಿಯಲ್ಲಿ ಅವುಗಳ ಅಂತರ ಕಾಣುತ್ತದೆ. ಒಳ್ಳೆಯದರಲ್ಲಿ ಹಳದಿ ಚಿನ್ನ, ಹಸಿರು ಛಾಯೆಯ ಚಿನ್ನ, ಬೆಳ್ಳಿ ಬೇರೆಬೇರೆಯಾಗಿ ಬಳಕೆಯಾಗಿರುತ್ತವೆ, ಎಲೆಯ ನರಗಳನ್ನೂ ಕೊರೆದಿರುತ್ತಾರೆ. ಪ್ರವಾಸಿ ಮಾಲಿನಲ್ಲಿ ಒಂದೇ ಬಣ್ಣ, ಚಪ್ಪಟೆ ಪಗೋಡಾ, ಫ್ಯೂಜಿ ಪರ್ವತ. ಮೂಲೆಗಳನ್ನೂ ಮುಚ್ಚಳದ ಅಂಚನ್ನೂ ಮೊದಲು ನೋಡಿ. ಸವೆತ ಶುರುವಾಗುವುದು ಅಲ್ಲಿಂದ. ಕರಾವಳಿಯಲ್ಲಿರುವವರು ತೇವ ಹೀರುವ ಸಿಲಿಕಾ ಜೆಲ್ ಜೊತೆ ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿಡಲು ಸಿದ್ಧರಿಲ್ಲದಿದ್ದರೆ ಕಬ್ಬಿಣವನ್ನು ಕೊಳ್ಳದಿರುವುದೇ ಒಳ್ಳೆಯದು.

ಕಂಚು ಮತ್ತು ಮಿಶ್ರಲೋಹ

ಇಲ್ಲಿ ಜೀವವಿರುವುದು ಮೈಬಣ್ಣದಲ್ಲಿ. ತಾಮ್ರಕ್ಕೆ ಶೇಕಡ ಮೂರರಿಂದ ಐದರಷ್ಟು ಚಿನ್ನ ಬೆರೆಸಿದ ಶಾಕುದೋ, ರೊಕುಶೋ ಎಂಬ ತಾಮ್ರಲವಣದ ದ್ರಾವಣದಲ್ಲಿ ಕುದಿಸಿದಾಗ ನೇರಳೆ ಮಿಶ್ರಿತ ಕಪ್ಪಾಗುತ್ತದೆ. ತಾಮ್ರಕ್ಕೆ ಬೆಳ್ಳಿ ಬೆರೆಸಿದ ಶಿಬುಇಚಿ ಬೂದು ಬಣ್ಣ ತಾಳುತ್ತದೆ. ಕಾಗೆಗೆ ಶಾಕುದೋ, ಮಂಜಿಗೆ ಶಿಬುಇಚಿ, ಚಂದ್ರನಿಗೆ ಬೆಳ್ಳಿ ಎಂದು ಲೋಹದಿಂದಲೇ ಚಿತ್ರ ಬರೆದವರು ಜಪಾನಿನ ಲೋಹಶಿಲ್ಪಿಗಳು. ಆ ಬಣ್ಣ ಇರುವುದು ಕೂದಲಿಗಿಂತ ತೆಳುವಾದ ಪದರದಲ್ಲಿ. ಹಬ್ಬಕ್ಕೆ ದೀಪದ ಕಂಬ ಬೆಳಗಿದಂತೆ ಹುಣಸೆಹಣ್ಣು ಹಾಕಿ ತಿಕ್ಕಿದರೆ ಒಂದೇ ಬೆಳಿಗ್ಗೆಯಲ್ಲಿ ವಸ್ತು ತನ್ನ ಬೆಲೆಯ ಬಹುಪಾಲನ್ನು ಕಳೆದುಕೊಳ್ಳುತ್ತದೆ. ಮನೆಯಲ್ಲಿ ಹಳೆಯ ಜಪಾನಿ ಕಂಚು ಇರುವವರಿಗೆ ನನ್ನ ಕಳಕಳಿಯ ಮಾತು ಇದೊಂದೇ: ಮೆತ್ತನೆಯ ಒಣಬಟ್ಟೆಯಿಂದ ಧೂಳು ಒರೆಸಿ, ಬೇರೇನೂ ಮಾಡಬೇಡಿ.

ಉತ್ತುಂಗ ಯಾವುದೆಂದು ತಿಳಿಯಲು ಸುಜುಕಿ ಚೋಕಿಚಿಯ (1848–1919) ನಿರ್ದೇಶನದಲ್ಲಿ 1893ರ ಶಿಕಾಗೊ ಪ್ರದರ್ಶನಕ್ಕಾಗಿ ತಯಾರಾದ ಹನ್ನೆರಡು ಡೇಗೆಗಳ ಚಿತ್ರಗಳನ್ನು ನೋಡಿ. ಒಂದೊಂದು ಗರಿಯೂ ಬೇರೆ. ನಾವು ಕೊಳ್ಳುವ ಮಟ್ಟದಲ್ಲಿ ಸಿಗುವುದು ಎರಕದ ಹೂದಾನಿ, ಆನೆ, ಆಮೆ, ಹುಲಿ. ಯೊಕೊಹಾಮಾದ ಮಿಯಾಓ ಕಾರ್ಯಾಗಾರದ ಚಿನ್ನದ ಲೇಪವಿರುವ ಯೋಧರ ಪ್ರತಿಮೆಗಳಿಗೆ ತಮ್ಮದೇ ಗಿರಾಕಿಗಳಿದ್ದಾರೆ. ಅಂಥದ್ದನ್ನು ಕೊಳ್ಳುವಾಗ ಕೈಯಲ್ಲಿದ್ದ ಈಟಿ, ಕತ್ತಿ, ಮೂಲದ ಮರದ ಪೀಠ ಉಳಿದಿವೆಯೇ ಎಂದು ಎಣಿಸಿ ನೋಡಿ. ಕಂಚಿನ ಗುಣ ಏನೆಂದರೆ ಅದು ಗಟ್ಟಿ, ಮಕ್ಕಳಿರುವ ಮನೆಗೂ ಸರಿ. ದೋಷವೇನೆಂದರೆ ಮರುಬಣ್ಣ ಹಚ್ಚಿದ್ದು, ಕೋರೆಹಲ್ಲು ಬದಲಿಸಿದ್ದು, ಕಾಲು ಬೆಸೆದದ್ದು ಪಳಗಿದ ಕಣ್ಣಿಗೆ ಮಾತ್ರ ಕಾಣುತ್ತದೆ. ಕಂಚೆಂದು ಮಾರುವ ಎಷ್ಟೋ ವಸ್ತುಗಳು ಬಣ್ಣ ಬಳಿದ ಬಿಳಿಲೋಹ. ತಳದಲ್ಲಿ ಹಳೆಯ ಗೀರೊಂದಿದ್ದರೆ ಅದರ ಬಣ್ಣ ನೋಡಿ, ಬೂದುಬೆಳ್ಳಗಿದ್ದರೆ ಕಂಚಲ್ಲ.

ಅದೇ ಬಿಳಿಲೋಹವನ್ನು ಬಿಳಿಲೋಹವೆಂದೇ ಹೇಳಿ ಮಾರುವ ಆ್ಯಂಟಿಮೊನಿ ಡಬ್ಬಿಗಳೂ ಇವೆ. ಅಚ್ಚಿನಲ್ಲಿ ಎರೆದ, ಡ್ರ್ಯಾಗನ್ ಉಬ್ಬಿಸಿದ ಇವು ಅಗ್ಗ. ಮೇಜಿನ ಮೇಲಿಡಲು ಚೆಂದ, ಬೆಲೆ ಏರೀತೆಂದು ಕಾಯಬೇಡಿ.

ತ್ಸುಬಾ: ಓದುವವರಿಗೆ ಮಾತ್ರ

ಅಂಗೈಯಗಲದ ಲೋಹದ ಬಿಲ್ಲೆಯಲ್ಲಿ ಇಷ್ಟು ಕಲೆಯನ್ನು ತುಂಬಿದವರು ಬೇರೆಲ್ಲೂ ಇಲ್ಲ. ಸಣ್ಣದು, ಅಂಚೆಯಲ್ಲಿ ಸುರಕ್ಷಿತವಾಗಿ ಬರುತ್ತದೆ, ಸಹಿಯಿಲ್ಲದ ಕಬ್ಬಿಣದ ತ್ಸುಬಾ ಸಾಧಾರಣ ಬೆಲೆಗೂ ಸಿಗುತ್ತದೆ. ಆದರೂ ಮೊದಲ ವಸ್ತುವಾಗಿ ಇದನ್ನು ಕೊಳ್ಳಬೇಡಿ ಎನ್ನುತ್ತೇನೆ. ಹೆಸರಾಂತ ಶಿಲ್ಪಿಗಳ ಸುಳ್ಳು ಸಹಿ ಕೆತ್ತುವ ಚಾಳಿ ಜಪಾನಿನಲ್ಲೇ ಶತಮಾನಗಳಷ್ಟು ಹಳೆಯದು. ಮೇಯ್ಜಿ ಸರ್ಕಾರದ ಹೊಸ ನಾಣ್ಯಗಳ ವಿನ್ಯಾಸದಲ್ಲಿ ಕೆಲಸ ಮಾಡಿದ ಕಾನೊ ನಾತ್ಸುಓ (1828–1898) ಹೆಸರು ಕಂಡರಂತೂ ಮೊದಲು ಸಂಶಯಪಡಿ. ಇದರ ಮೇಲೆ ಇತ್ತೀಚಿನ ಎರಕದ ನಕಲುಗಳೂ ಇವೆ. ತೂತುಗಳ ಒಳಗೋಡೆಯಲ್ಲಿ ಅಚ್ಚಿನ ಜೋಡಣೆಯ ಗೆರೆ, ಮೇಲ್ಮೈಯಲ್ಲಿ ಸೂಜಿಮೊನೆಯಷ್ಟು ಗುಳಿಗಳು, ಮೊಂಡಾದ ಗೆರೆ ಇದ್ದರೆ ದೂರವಿಡಿ. ನಡುವಿನ ತೂತಿನ ಸುತ್ತ ಕತ್ತಿಗೆ ಹೊಂದಿಸಲು ಬಡಿದ ಗುರುತು, ತಾಮ್ರದ ಬೆಣೆ ಕಂಡರೆ ಅದು ಬಳಕೆಯಾದದ್ದರ ಒಳ್ಳೆಯ ಸೂಚನೆ. ಒಂದು ಅನುಕೂಲ ಮಾತ್ರ ಉಳಿದವುಗಳಿಗಿಲ್ಲ: ಜಪಾನಿನ ಕತ್ತಿಕಲೆ ಸಂರಕ್ಷಣಾ ಸಂಘ ಎನ್‌ಬಿಟಿಎಚ್‌ಕೆ ತ್ಸುಬಾಗಳನ್ನು ಪರೀಕ್ಷಿಸಿ ಹೊಜೋನ್, ತೊಕುಬೆತ್ಸು ಹೊಜೋನ್ ಎಂಬ ದರ್ಜೆಯ ಪತ್ರ ಕೊಡುತ್ತದೆ. ಪತ್ರದಲ್ಲಿರುವ ಫೋಟೊವೂ ವಸ್ತುವೂ ಒಂದೇ ಎಂದು ಹೋಲಿಸಿ ನೋಡಿ ಕೊಂಡರೆ ಅಪಾಯ ಬಹಳ ಕಡಿಮೆ.

ಯಾರಿಗೆ ಯಾವುದು?

ಹತ್ತಿಪ್ಪತ್ತು ಸಾವಿರ ಇಟ್ಟುಕೊಂಡು ಮೊದಲ ಸಲ ಕೊಳ್ಳುವವರಿಗೆ ನಾನು ಹೇಳುವುದು ಸಹಿಯಿಲ್ಲದ, ಒಡಕಿಲ್ಲದ ನಗೋಯಾ ಎನಾಮಲ್ ಹೂದಾನಿ. ಒಂಟಿ ಸಿಕ್ಕರೂ ಸರಿ. ಜೋಡಿಗೆ ಬೆಲೆ ಹೆಚ್ಚು, ಆದರೆ ಜೋಡಿಯಲ್ಲಿ ಒಂದು ಒಡೆದಿದ್ದರೆ ಒಂಟಿಯ ಬೆಲೆಯಷ್ಟೇ ಕೊಡಿ. ಒಂದು ಲಕ್ಷದ ಆಸುಪಾಸಿನಲ್ಲಿ ಆಯ್ಕೆ ಕಷ್ಟವಾಗುತ್ತದೆ: ಆ ಹಣಕ್ಕೆ ಆಂದೋ ಅಥವಾ ಹಾಯಾಶಿ ಸಹಿಯ ಒಳ್ಳೆಯ ಎನಾಮಲ್ಲೂ ಸಿಗಬಹುದು, ಸಣ್ಣ ಕೊಮಾಯಿಯೂ ಸಿಗಬಹುದು. ಒಣ ಹವೆ, ಮುಚ್ಚಿದ ಕಪಾಟು ಇದ್ದವರು ಕೊಮಾಯಿಯನ್ನು ಧೈರ್ಯವಾಗಿ ನೋಡಲಿ. ಆಗಾಗ ಮನೆ ಬದಲಿಸುವವರಿಗೆ ಎನಾಮಲ್ ಭಯದ ವಸ್ತು, ಅವರಿಗೆ ಕಂಚು. ಇತಿಹಾಸ ಓದುವ ತಾಳ್ಮೆಯಿದ್ದು, ಒಂದೇ ಸಲಕ್ಕೆ ಹೆಚ್ಚು ಖರ್ಚು ಮಾಡದೆ ನಿಧಾನವಾಗಿ ಸಂಗ್ರಹ ಕಟ್ಟುವವರಿಗೆ ಪತ್ರವಿರುವ ತ್ಸುಬಾ ಕೊಡುವಷ್ಟು ಸಂತೋಷವನ್ನು ಬೇರೆ ಯಾವುದೂ ಕೊಡಲಾರದು.

ಒಡಕಿರುವ ಯಾಸುಯುಕಿ, ಒಡಕಿಲ್ಲದ ಅನಾಮಿಕ ಎರಡೂ ಒಂದೇ ಬೆಲೆಗೆ ಬಂದರೆ? ಮರುಮಾರಾಟದ ಯೋಚನೆಯಿದ್ದರೆ ಅನಾಮಿಕವನ್ನೇ ತೆಗೆದುಕೊಳ್ಳಿ. ಆ ಕಪ್ಪು ಹಿನ್ನೆಲೆಯನ್ನು ದಿನವೂ ನೋಡಬೇಕೆಂಬ ಆಸೆಯಿಂದ ಕೊಳ್ಳುವುದಾದರೆ ಒಡಕಿನ ಯಾಸುಯುಕಿಯೇ ಇರಲಿ. ನಾನಾದರೆ ಹಾಗೆಯೇ ಮಾಡುತ್ತೇನೆ.

ಕಾನೂನಿನ ವಿಷಯವೂ ಇದೆ. ಹಲವು ಜಪಾನಿ ಕಂಚುಗಳಿಗೆ, ಪೆಟ್ಟಿಗೆಗಳಿಗೆ ದಂತದ ಭಾಗಗಳಿರುತ್ತವೆ. ಭಾರತದಲ್ಲಿ ದಂತದ ವ್ಯಾಪಾರ ನಿಷಿದ್ಧ, ಆದ್ದರಿಂದ ಅಂಥದ್ದನ್ನು ತರಿಸುವ ಯೋಚನೆಯೇ ಬೇಡ. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದಿಂದ ಹೊರಗೆ ಕಳಿಸುವುದಕ್ಕೆ 1972ರ ಪ್ರಾಚ್ಯವಸ್ತು ಕಾನೂನಿನ ತಡೆಯಿದೆ. ಮನೆಯ ಹೂದಾನಿಯನ್ನು ಲಂಡನ್ನಿನ ಹರಾಜಿಗೆ ಕಳಿಸಬೇಕೆಂದಿದ್ದರೆ ಮೊದಲು ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ. ಕೊಳ್ಳುವ ಮುನ್ನ ಕಣ್ಣನ್ನು ಪಳಗಿಸಿಕೊಳ್ಳಲು ಹೈದರಾಬಾದಿನ ಸಾಲಾರ್‌ ಜಂಗ್ ವಸ್ತುಸಂಗ್ರಹಾಲಯದ ಜಪಾನಿ ವಿಭಾಗಕ್ಕೆ ಹೋಗಿಬನ್ನಿ. ಬೀದರಿನಿಂದ ಅದು ದೂರವೂ ಅಲ್ಲ.

ತಳದಲ್ಲಿ ಇಂಗ್ಲಿಷಿನಲ್ಲಿ ‘ಜಪಾನ್’ ಅಥವಾ ‘ನಿಪ್ಪೋನ್’ ಎಂದಿದ್ದರೆ ಅದೊಂದು ಕಾಲಸೂಚಕ. ಆಮದು ವಸ್ತುವಿನ ಮೇಲೆ ಮೂಲದೇಶದ ಹೆಸರಿರಬೇಕೆಂಬ ಅಮೆರಿಕದ ನಿಯಮ 1891ರಲ್ಲಿ ಜಾರಿಗೆ ಬಂತು. 1921ರ ನಂತರ ಅಲ್ಲಿ ‘ನಿಪ್ಪೋನ್’ ಎಂಬುದನ್ನು ಒಪ್ಪಲಿಲ್ಲ. ಹೆಸರಿಲ್ಲದಿರುವುದು ಮಾತ್ರ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಏಕೆಂದರೆ ಅಮೆರಿಕಕ್ಕೆ ಹೋಗದ ಮಾಲಿಗೆ ಆ ನಿಯಮವಿರಲಿಲ್ಲ.

ದೂರದಿಂದ ಕೊಳ್ಳುವಾಗ ಮಾರುವವರಿಂದ ಐದು ಚಿತ್ರಗಳನ್ನು ಕೇಳಿ: ತಳ, ಬಾಯಿಯಂಚು, ಒಳಭಾಗ, ಓರೆ ಬೆಳಕಿನಲ್ಲಿ ತೆಗೆದ ಹಿಂಬದಿ, ಸಹಿಯ ಹತ್ತಿರದ ನೋಟ. ದುರಸ್ತಿಯಾಗಿದೆಯೇ ಎಂಬ ಪ್ರಶ್ನೆಗೆ ಲಿಖಿತ ಉತ್ತರ ಪಡೆಯಿರಿ. ಒಳ್ಳೆಯ ವ್ಯಾಪಾರಿಗಳು ಇದನ್ನು ಕೇಳುವ ಮೊದಲೇ ಕೊಟ್ಟಿರುತ್ತಾರೆ. ತಳದ ಚಿತ್ರ ಕಳಿಸಲು ನೆಪ ಹೇಳುವವರ ವಸ್ತು ಎಷ್ಟೇ ಚೆಂದವಿದ್ದರೂ ಕೂಗು ಹಾಕಬೇಡಿ.